ಬಾಟಲಿ ಮೇಲೆ 1831 ಅಂತ ಬರೆದಿತ್ತು

ಆಫೀಸಿನ ಗೆಳೆಯನೊಬ್ಬ ಪ್ರಾಜೆಕ್ಟ್ ಕೆಲಸಕ್ಕೆ ಅಂತ ಮೂರು ತಿಂಗಳು ಬ್ಯೂನಸ್ ಐರಿಸ್‌ನಲ್ಲಿದ್ದು ಮೊನ್ನೆ ವಾಪಸ್ ಬಂದ. ಟೀಮಿನವರಿಗೆಲ್ಲ ಚಾಕೊಲೇಟು, ನನಗೆ ಮಾತ್ರ ಒಂದು ಕೆಂಪು ವೈನ್ ಬಾಟಲಿ. ಅವನು ಅಲ್ಲಿ ಮಲಗಿದ್ದಾಗ ಅವನ ಕೋಡ್‌ನಲ್ಲಿದ್ದ ತಪ್ಪುಗಳನ್ನೆಲ್ಲ ಇಲ್ಲಿ ಕೂತು ತಿದ್ದುತ್ತಿದ್ದವನು ನಾನೇ, ಹಾಗಾಗಿ ಋಣಸಂದಾಯ :)

ನಾನೇನು ಅಂಥಾ ಕುಡುಕನಲ್ಲ. ವರ್ಷಕ್ಕೊಂದೆರಡು ಸಲ, ಟೀಮ್ ಪಾರ್ಟಿಯಲ್ಲಿ, ಅಷ್ಟೇ. ಅದಕ್ಕಿಂತ ದೊಡ್ಡ ಸಮಸ್ಯೆ ಅಂದ್ರೆ ಆ ವಾರ ಊರಿಂದ ಅಮ್ಮ ಬಂದಿದ್ದರು. ಬಾಟಲಿಯನ್ನ ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಅಮ್ಮಂದಿರಿಂದ ಅಕ್ಕಿ ಡಬ್ಬದ ಹಿಂದೆ ಏನನ್ನಾದರೂ ಬಚ್ಚಿಡಬಹುದು ಅಂದುಕೊಂಡ ನನ್ನ ಬುದ್ಧಿಗೆ ಏನನ್ನೋಣ! ಸಂಜೆ ಮನೆಗೆ ಬಂದರೆ ಬಾಟಲಿ ಊಟದ ಟೇಬಲ್ ಮೇಲೆ ಕೂತಿದೆ. "ಇದೇನೋ ಇದು, ದ್ರಾಕ್ಷಾರಿಷ್ಟನಾ?" ಅಂದರು. ಮುಖ ನೋಡಿದರೆ ಗೊತ್ತಿದ್ದೇ ಕೇಳುತ್ತಿದ್ದಾರೆ ಅನ್ನುವುದು ಸ್ಪಷ್ಟವಾಗಿತ್ತು. "ಹೂಂ ಅಮ್ಮ, ಹೆಚ್ಚುಕಮ್ಮಿ ಅದೇ" ಅಂದೆ. ಸುಳ್ಳೇನಲ್ಲವಲ್ಲ? ದ್ರಾಕ್ಷಿ ರಸ ಹುಳಿಬರಿಸಿದ್ದು ತಾನೇ.

ಆದರೆ ಈ ಬರಹ ಅಮ್ಮನ ಬಗ್ಗೆ ಅಲ್ಲ, ಆ ಬಾಟಲಿಯ ಬಗ್ಗೆ. ಮುಂದಿನ ಲೇಬಲ್ಲಿನಲ್ಲಿ "ಕೊಲೊಮೆ" ಅಂತ ಹೆಸರು, ಜೊತೆಗೆ 1831 ಅನ್ನೋ ಇಸವಿ. ಹಿಂದಿನ ಲೇಬಲ್ಲಿನಲ್ಲಿ ಈ ವೈನಿನ ದ್ರಾಕ್ಷಿ ಬೆಳೆದಿದ್ದು ಸಮುದ್ರಮಟ್ಟದಿಂದ 1700ರಿಂದ 3111 ಮೀಟರ್ ಎತ್ತರದ ತೋಟಗಳಲ್ಲಿ ಅಂತ. ಮೂರು ಸಾವಿರದ ನೂರಾ ಹನ್ನೊಂದು! ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೇ 1930 ಮೀಟರ್. ಊಟಿಯ ದೊಡ್ಡಬೆಟ್ಟ 2637. ಅಂದರೆ ದೊಡ್ಡಬೆಟ್ಟದ ತುದಿಗಿಂತ ಸುಮಾರು ಅರ್ಧ ಕಿಲೋಮೀಟರ್ ಮೇಲೆ ಯಾರೋ ದ್ರಾಕ್ಷಿ ಬಳ್ಳಿ ನೆಟ್ಟು ಕೂತಿದ್ದಾರೆ. ನನಗೆ ಬೆಟ್ಟ ಹತ್ತುವ ಹುಚ್ಚು ಇರುವುದು ನಿಮಗೆಲ್ಲ ಗೊತ್ತೇ ಇದೆ. ಬಾಟಲಿ ಬಿಚ್ಚುವ ಮೊದಲೇ ನಕ್ಷೆ ಬಿಚ್ಚಿದೆ. ಒಂದು ವಾರದ ರಾತ್ರಿಗಳೆಲ್ಲ ಅದರಲ್ಲೇ ಕಳೆದವು. ಓದ್ತಾ ಓದ್ತಾ ಹೋದ ಹಾಗೆ 1831 ಅನ್ನೋದು ಕಥೆಯ ಶುರು ಅಲ್ಲ, ನಡುವಿನ ಒಂದು ಪುಟ ಅಂತ ಅನ್ನಿಸತೊಡಗಿತು.

ಮೊದಲು ಜಾಗ ಎಲ್ಲಿದೆ ಹೇಳಿಬಿಡ್ತೀನಿ. ಅರ್ಜೆಂಟೀನಾದ ವಾಯವ್ಯ ಮೂಲೆಯಲ್ಲಿ, ಬೊಲಿವಿಯಾ ಮತ್ತು ಚಿಲಿಯ ಗಡಿಗೆ ತಾಗಿಕೊಂಡು ಸಾಲ್ಟಾ ಅನ್ನೋ ಪ್ರಾಂತ್ಯ ಇದೆ. ಸಾಲ್ಟಾ ನಗರದಿಂದ ಹೊರಟರೆ ರಸ್ತೆ ಹಾವಿನ ಹಾಗೆ ಸುತ್ತುತ್ತಾ ಬಿಷಪ್ಪನ ಘಾಟಿ ಅಂತ ಕರೆಯುವ ಘಾಟಿ ಹತ್ತಿ, 3348 ಮೀಟರ್ ಎತ್ತರದ ಕಣಿವೆಬಾಯಿ ದಾಟುತ್ತದೆ. ಆಚೆ ಇಳಿದರೆ ಕಂಬದಂಥ ಕಳ್ಳಿಗಳ ಒಂದು ರಾಷ್ಟ್ರೀಯ ಉದ್ಯಾನ, ಅದರ ನಡುವೆ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುವ ರಸ್ತೆ. ಈ ನೇರ ರಸ್ತೆ ಇಂಕಾಗಳ ಕಾಲದ ಹಾದಿಯ ಮೇಲೇ ಹಾಕಿದ್ದಂತೆ. ಮುಂದೆ ಕಾಚಿ ಅನ್ನೋ ಊರು, ಅದರ ಹಿಂದೆ 6300 ಮೀಟರ್ ದಾಟುವ ಹಿಮದ ಶಿಖರ. ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಧೂಳು ರಸ್ತೆಯಲ್ಲಿ ಹೋದರೆ ಮೊಲಿನೊಸ್, ಅಲ್ಲಿಂದ ಇನ್ನೊಂದು ಧೂಳು ರಸ್ತೆ ಹಿಡಿದು ಇಪ್ಪತ್ತು ಕಿಲೋಮೀಟರ್ ಒಳಗೆ ಹೋದರೆ ಕೊಲೊಮೆ. ಉಪಗ್ರಹ ಚಿತ್ರದಲ್ಲಿ ನೋಡಿದರೆ ಎಲ್ಲ ಕಡೆ ಕಂದು ಬಣ್ಣ, ನಡುವೆ ಯಾರೋ ಹಸಿರು ಶಾಯಿ ಚೆಲ್ಲಿದ ಹಾಗೆ ಒಂದಿಷ್ಟು ಚೌಕಗಳು. ಆ ಚೌಕಗಳೇ ತೋಟ. ಇಡೀ ಪ್ರದೇಶಕ್ಕೆ ಕಾಲ್ಚಾಕಿ ಕಣಿವೆ ಅಂತ ಹೆಸರು.

ಈ ಕಾಲ್ಚಾಕಿ ಅನ್ನೋದು ಒಬ್ಬ ಮನುಷ್ಯನ ಹೆಸರೂ ಹೌದು. ಸ್ಪೇನಿನವರು ಇಲ್ಲಿಗೆ ಬಂದಾಗ ಈ ಕಣಿವೆಗಳಲ್ಲಿ ದಿಯಗೀತಾ ಅಂತ ಕರೆಯಲ್ಪಡುವ ಜನ ಇದ್ದರು. ಬೆಟ್ಟದ ಇಳಿಜಾರಿನಲ್ಲಿ ಕಲ್ಲಿನ ಮೆಟ್ಟಿಲು ಹೊಲ, ನೀರಿನ ಕಾಲುವೆ, ಕಲ್ಲಿನ ಊರುಗಳು ಎಲ್ಲ ಅವರದ್ದು. 1560ರ ಆಸುಪಾಸಿನಲ್ಲಿ ಹುವಾನ್ ಕಾಲ್ಚಾಕಿ ಅನ್ನೋ ಮುಖಂಡ ಸ್ಪೇನಿನ ಮೇಲೆ ತಿರುಗಿಬಿದ್ದ. ಅಲ್ಲಿಂದ ಶುರುವಾದ ಕದನ ನೂರು ವರ್ಷ ಎಳೆಯಿತು. 1630ರಲ್ಲಿ ಮತ್ತೊಮ್ಮೆ ದಂಗೆ. 1658ರಲ್ಲಿ ಮೂರನೆಯದು, ಅದರ ಕಥೆಯಂತೂ ಸಿನಿಮಾ ಮಾಡಬಹುದು. ಪೆದ್ರೊ ಬೊಹೋರ್ಕೆಸ್ ಅಂತ ಒಬ್ಬ ಸ್ಪೇನಿನವನು, ನಾನೇ ಇಂಕಾ ರಾಜವಂಶದ ವಾರಸುದಾರ ಅಂತ ಹೇಳಿಕೊಂಡು ಈ ಜನರ ನಾಯಕನಾಗಿಬಿಟ್ಟ! ಕಡೆಗೆ ಸಿಕ್ಕಿಬಿದ್ದು 1667ರಲ್ಲಿ ಲಿಮಾದಲ್ಲಿ ಅವನಿಗೆ ಮರಣದಂಡನೆ ಆಯಿತು.

ಗೆದ್ದವರು ಆಮೇಲೆ ಏನು ಮಾಡಿದರು ಅನ್ನೋದು ಓದಿದಾಗ ಆ ರಾತ್ರಿ ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಕಣಿವೆಯಲ್ಲಿ ಮತ್ತೆ ದಂಗೆ ಏಳಬಾರದು ಅಂತ ಜನರನ್ನೇ ಕಿತ್ತು ಬೇರೆ ಬೇರೆ ಕಡೆ ಹಂಚಿಬಿಟ್ಟರು. ಕಡೇವರೆಗೂ ಬಗ್ಗದೆ ನಿಂತಿದ್ದ ಕಿಲ್ಮೆಸ್ ಅನ್ನೋ ಬುಡಕಟ್ಟಿನ ನೂರಾರು ಕುಟುಂಬಗಳನ್ನ 1666ರ ಹೊತ್ತಿಗೆ ಬ್ಯೂನಸ್ ಐರಿಸ್ ಹತ್ತಿರದವರೆಗೆ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ನಡೆಸಿಕೊಂಡೇ ಹೋದರು. ದಾರಿಯಲ್ಲಿ ಸತ್ತವರೆಷ್ಟೋ. ಹೋಗಿ ಸೇರಿದ ಜಾಗಕ್ಕೆ ಅವರದ್ದೇ ಹೆಸರು ಬಂತು. 1812ರಲ್ಲಿ ಆ ವಸಾಹತನ್ನೂ ಸರ್ಕಾರ ಮುಚ್ಚಿತು. 1880ರ ದಶಕದ ಕೊನೆಗೆ ಅದೇ ಊರಲ್ಲಿ ಜರ್ಮನಿಯಿಂದ ಬಂದ ಉದ್ಯಮಿಯೊಬ್ಬ ಬಿಯರ್ ಕಾರ್ಖಾನೆ ಹಾಕಿದ. ಇವತ್ತು ಅರ್ಜೆಂಟೀನಾದಲ್ಲಿ ಕಿಲ್ಮೆಸ್ ಅಂದರೆ ಮೊದಲು ನೆನಪಾಗುವುದು ಬಿಯರ್. ಗೆಳೆಯನನ್ನ ಕೇಳಿದೆ, "ಹೌದು ಮಗಾ, ದಿನಾ ಅದೇ ಕುಡೀತಿದ್ವಿ, ಅದು ಜನರ ಹೆಸರಾ?" ಅಂದ.

ಇನ್ನೊಂದು ವಿಷಯ. ಕನ್ನಡದಲ್ಲಿ ಬರೀಬೇಕು ಅಂತ ಹಟ ಹಿಡಿದು ಕೂತಿರುವ ನಮ್ಮಂಥವರಿಗೆ ಇದು ಚುರುಕ್ ಅನ್ನದೇ ಇರದು. ಈ ಜನ ಮಾತಾಡುತ್ತಿದ್ದ ಭಾಷೆಗೆ ಕಾಕಾನ್ ಅಂತ ಹೆಸರು. ಹದಿನಾರನೇ ಶತಮಾನದಲ್ಲಿ ಅಲೊನ್ಸೊ ದೆ ಬಾರ್ಸಾನಾ ಅನ್ನೋ ಜೆಸ್ಯೂಟ್ ಪಾದ್ರಿ ಅದಕ್ಕೊಂದು ವ್ಯಾಕರಣ ಬರೆದಿದ್ದ. ಭಾಷೆಯೂ ಹೋಯಿತು, ಆ ಹಸ್ತಪ್ರತಿಯೂ ಹೋಯಿತು. ಉಳಿದಿದ್ದು ಒಂದಿಷ್ಟು ಊರಿನ ಹೆಸರು, ಮನೆತನದ ಹೆಸರು, ಅಷ್ಟೇ. ನಮ್ಮಲ್ಲಿ ಕಿಟೆಲ್ಲರ ನಿಘಂಟು ಇವತ್ತಿಗೂ ಮೇಜಿನ ಮೇಲಿದೆ. ಅಲ್ಲಿ ಆ ಒಂದು ಹಸ್ತಪ್ರತಿ ಉಳಿದಿದ್ದರೆ ಅಂತ ಅನ್ನಿಸುತ್ತೆ.

ಹೀಗೆ ಖಾಲಿಯಾದ, ಮುರಿದುಬಿದ್ದ ಕಣಿವೆಯನ್ನ ದೊಡ್ಡ ದೊಡ್ಡ ಎಸ್ಟೇಟುಗಳಾಗಿ ಹಂಚಿಕೊಂಡರು. ಜೊತೆಗೆ "ಎಂಕೊಮಿಯೆಂಡಾ" ಅನ್ನೋ ಪದ್ಧತಿ. ಒಂದು ಊರಿನ ಜನರನ್ನೇ ಒಬ್ಬ ಧಣಿಗೆ ಒಪ್ಪಿಸಿಬಿಡುವುದು. ಅವರ ಕಾಣಿಕೆ, ದುಡಿಮೆ ಅವನಿಗೆ. ಬದಲಿಗೆ ಅವನು ಅವರಿಗೆ ರಕ್ಷಣೆ ಕೊಟ್ಟು ದೇವರ ವಿಷಯ ಕಲಿಸಬೇಕು. ನಮ್ಮಲ್ಲಿ ಭೂಮಿಯನ್ನ ಇನಾಂ ಕೊಡುತ್ತಿದ್ದರು, ಅಲ್ಲಿ ಮನುಷ್ಯರನ್ನ. ಮೊಲಿನೊಸ್ ಊರು ಹುಟ್ಟಿದ್ದೇ ಹೀಗೆ. ಆ ಮೊಲಿನೊಸ್ ಎಸ್ಟೇಟಿನ ಮನೆಯಲ್ಲಿ 1753ರಲ್ಲಿ ಹುಟ್ಟಿದವನು ನಿಕೊಲಾಸ್ ಸೆವೆರೊ ದೆ ಇಸಸ್ಮೆಂಡಿ. ನಮ್ಮ ಬಾಟಲಿಯ ಮೇಲಿನ ಇಸವಿ ಇವನದ್ದು.

ಇಸಸ್ಮೆಂಡಿ ಸಾಲ್ಟಾದ ಕಡೆಯ ಸ್ಪ್ಯಾನಿಷ್ ಗವರ್ನರ್. ಇವನು ಅಧಿಕಾರದಲ್ಲಿದ್ದಾಗಲೇ, 1810ರ ಮೇ ತಿಂಗಳಲ್ಲಿ, ಬ್ಯೂನಸ್ ಐರಿಸ್‌ನಲ್ಲಿ ಕ್ರಾಂತಿಯಾಗಿ ಸ್ಪೇನಿನ ವೈಸ್‌ರಾಯ್‌ನನ್ನ ಇಳಿಸಿಬಿಟ್ಟರು. ಸಾಲ್ಟಾದ ನಗರಸಭೆ ಕ್ರಾಂತಿಯ ಪರ ನಿಂತಿತು, ಗವರ್ನರ್ ಸಾಹೇಬರು ನಗರಸಭೆಯವರನ್ನೇ ಹಿಡಿದು ಕೂಡಿಹಾಕಿದರು. ಅವರಲ್ಲಿ ಕಾಲಿಕ್ಸ್ತೊ ಗಾವುನಾ ಅನ್ನೋನು ತಪ್ಪಿಸಿಕೊಂಡು ಕುದುರೆ ಏರಿ ಎಂಟೇ ದಿನದಲ್ಲಿ ಬ್ಯೂನಸ್ ಐರಿಸ್ ಮುಟ್ಟಿ ಸುದ್ದಿ ಹೇಳಿದ ಅನ್ನೋದು ಸಾಲ್ಟಾದಲ್ಲಿ ಎಲ್ಲರೂ ಹೇಳುವ ಕಥೆ. ಹೊಸ ಗವರ್ನರ್ ಬಂದ. ಇಸಸ್ಮೆಂಡಿ ಬೆಟ್ಟ ದಾಟಿ ತನ್ನ ಮೊಲಿನೊಸ್ ಮನೆಗೆ ಓಡಿ ಬಂದ, ಅಲ್ಲೇ ಸಿಕ್ಕಿಬಿದ್ದ. ಮುಂದೆ ಬಿಡುಗಡೆಯಾಗಿ ಮತ್ತೆ ತನ್ನ ಜಮೀನಿಗೇ ಮರಳಿದ. ರಾಜ ಹೋದ, ರಾಜ್ಯ ಹೋಯಿತು, ಜಮೀನು ಮಾತ್ರ ಎಲ್ಲೂ ಹೋಗಲಿಲ್ಲ ನೋಡಿ! 1813ರಲ್ಲಿ ಹೊಸ ದೇಶದ ಸಭೆ ಎಂಕೊಮಿಯೆಂಡಾ ಪದ್ಧತಿಯನ್ನ ಕಾಗದದ ಮೇಲೆ ರದ್ದು ಮಾಡಿತು. ಆದರೆ ಧಣಿಯ ನೆಲದಲ್ಲಿ ಗುಡಿಸಲು ಹಾಕಿಕೊಂಡವನು ಬಾಡಿಗೆಯ ಬದಲು ಧಣಿಗೆ ಬಿಟ್ಟಿ ದುಡಿಯುವ ಪದ್ಧತಿ ಈ ಕಣಿವೆಗಳಲ್ಲಿ ಇಪ್ಪತ್ತನೇ ಶತಮಾನದವರೆಗೂ ನಡೆಯಿತು.

ಈ ಇಸಸ್ಮೆಂಡಿಯೇ 1831ರಲ್ಲಿ ಕೊಲೊಮೆಯಲ್ಲಿ ವೈನ್ ಮಾಡುವ ಮನೆ ಶುರು ಮಾಡಿದ ಅನ್ನೋದು ಕಂಪನಿಯವರು ಹೇಳುವ ಇತಿಹಾಸ. ಆಗ ಅವನಿಗೆ ಎಪ್ಪತ್ತೆಂಟು ವರ್ಷ. ಆರು ವರ್ಷಕ್ಕೆ, 1837ರಲ್ಲಿ ತೀರಿಕೊಂಡ. ಒಣಹವೆಗೆ ಕೆಡದೆ ಉಳಿದ ಅವನ ದೇಹ ಮೊಲಿನೊಸ್ ಚರ್ಚಿನಲ್ಲಿದೆ. ಅರ್ಜೆಂಟೀನಾದಲ್ಲಿ ಎಲ್ಲೂ ನಿಲ್ಲದೆ ನಡೆದುಕೊಂಡು ಬಂದಿರುವ ಅತಿ ಹಳೆಯ ವೈನರಿ ತಮ್ಮದು ಅಂತ ಕೊಲೊಮೆಯವರು ಹೇಳಿಕೊಳ್ಳುವುದು ಈ ಲೆಕ್ಕದಲ್ಲೇ.

ನನ್ನ ಪ್ರಕಾರ ಈ ಕಥೆಯಲ್ಲಿ ನಿಜವಾದ ಕೆಲಸ ಮಾಡಿದವಳು ಅವನ ಮಗಳು. ಹೆಸರು ಅಸೆನ್ಸಿಯೊನ್. ಡಾವಲೋಸ್ ಮನೆತನಕ್ಕೆ ಮದುವೆಯಾಗಿದ್ದಳು. ಅಲ್ಲಿಯವರೆಗೆ ಅಲ್ಲೆಲ್ಲ ಇದ್ದದ್ದು ಮಿಷನರಿಗಳು ತಂದ "ಕ್ರಿಯೊಜಾ" ಅನ್ನೋ ಜಾತಿಯ ದ್ರಾಕ್ಷಿ, ಪೂಜೆಗೂ ಕುಡಿಯೋಕೂ ಆಗುವಂಥ ಸಾದಾ ವೈನ್. 1854ರಲ್ಲಿ ಅಸೆನ್ಸಿಯೊನ್ ಫ್ರಾನ್ಸಿನಿಂದ ಮಾಲ್ಬೆಕ್ ಮತ್ತು ಕೆಬರ್ನೆ ಸೊವಿನ್ಯೊ ಬಳ್ಳಿಗಳನ್ನ ತರಿಸಿ ಕೊಲೊಮೆಯಲ್ಲಿ ನೆಡಿಸಿದಳು. ಒಂದು ಸಲ ಕಲ್ಪನೆ ಮಾಡಿಕೊಳ್ಳಿ. ರೈಲು ಇಲ್ಲ. ಅಟ್ಲಾಂಟಿಕ್ ದಾಟಿ ಹಡಗಿನಲ್ಲಿ ಬಂದ ಒಣ ಕಡ್ಡಿಗಳು, ಆಮೇಲೆ ವಾರಗಟ್ಟಲೆ ನೆಲದ ದಾರಿ, ಕಡೆಗೆ ಹೇಸರಗತ್ತೆಗಳ ಬೆನ್ನ ಮೇಲೆ ಆ ಘಾಟಿ. ಸಾಲ್ಟಾ ಆ ಕಾಲಕ್ಕೆ ಹೇಸರಗತ್ತೆ ವ್ಯಾಪಾರಕ್ಕೆ ಹೆಸರುವಾಸಿ, ಪೊತೊಸಿಯ ಬೆಳ್ಳಿ ಗಣಿಗಳಿಗೆ ಗತ್ತೆಗಳು ಹೋಗುತ್ತಿದ್ದುದೇ ಇಲ್ಲಿಂದ. ಬೆಳ್ಳಿಗೆ ದುಡಿದ ಗತ್ತೆಗಳೇ ದ್ರಾಕ್ಷಿ ಕಡ್ಡಿಯನ್ನೂ ಹೊತ್ತಿರಬೇಕು.

ಅರ್ಜೆಂಟೀನಾದ ಮಾಲ್ಬೆಕ್ ಅಂದ ತಕ್ಷಣ ಎಲ್ಲರೂ ಹೇಳುವುದು ಮೆಂಡೋಸಾ ಕಥೆ. 1853ರ ಏಪ್ರಿಲ್ 17ರಂದು ಅಲ್ಲಿ ಕೃಷಿಶಾಲೆ ತೆರೆಯುವ ಮಸೂದೆ ಮಂಡನೆಯಾಯಿತು, ಮಿಶೆಲ್ ಪೂಜೆ ಅನ್ನೋ ಫ್ರೆಂಚ್ ತಜ್ಞ ಬಂದು ಬಳ್ಳಿ ತಂದ. ಈಗ ಆ ದಿನವನ್ನೇ ವಿಶ್ವ ಮಾಲ್ಬೆಕ್ ದಿನ ಅಂತ ಆಚರಿಸುತ್ತಾರೆ. ಪಾಪ ಅಸೆನ್ಸಿಯೊನ್‌ಗೆ ದಿನ ಇಲ್ಲ. ಆದರೆ ಸರ್ಕಾರದ ಬೆಂಬಲ ಇಲ್ಲದೆ, ತಜ್ಞರಿಲ್ಲದೆ, ಮೆಂಡೋಸಾದಿಂದ ಸಾವಿರ ಕಿಲೋಮೀಟರ್ ಉತ್ತರಕ್ಕೆ, ಒಂದೇ ವರ್ಷದ ಅಂತರದಲ್ಲಿ ಅದೇ ಕೆಲಸವನ್ನ ಒಬ್ಬ ಹೆಂಗಸು ಮಾಡಿದಳು. ಮತ್ತು ಅವಳು ನೆಡಿಸಿದ ಬಳ್ಳಿಗಳಲ್ಲಿ ನಾಲ್ಕು ಹೆಕ್ಟೇರಿನಷ್ಟು ಇವತ್ತಿಗೂ ಫಸಲು ಕೊಡುತ್ತಿವೆ! ನೂರೆಪ್ಪತ್ತು ವರ್ಷದ ಬಳ್ಳಿಗಳು. ಚಿತ್ರದಲ್ಲಿ ನೋಡಿದರೆ ಬಳ್ಳಿ ಅನ್ನೋ ಹಾಗೇ ಇಲ್ಲ, ನಮ್ಮೂರ ಹಳೇ ಹುಣಸೆಮರದ ಕಾಂಡದ ಹಾಗೆ ತಿರುಚಿಕೊಂಡು ನಿಂತಿವೆ.

ಈ ಉಳಿವಿನ ಬೆಲೆ ಗೊತ್ತಾಗಬೇಕಾದರೆ ಫ್ರಾನ್ಸಿಗೆ ಹೋಗಬೇಕು. ಅಸೆನ್ಸಿಯೊನ್ ಬಳ್ಳಿ ತರಿಸಿಕೊಂಡು ಹತ್ತು ವರ್ಷ ಕಳೆಯುವಷ್ಟರಲ್ಲಿ, 1863ರ ಸುಮಾರಿಗೆ, ದಕ್ಷಿಣ ಫ್ರಾನ್ಸಿನಲ್ಲಿ ದ್ರಾಕ್ಷಿ ತೋಟಗಳು ಕಾರಣವಿಲ್ಲದೆ ಒಣಗತೊಡಗಿದವು. ಕಾರಣ ಫಿಲೊಕ್ಸೆರಾ ಅನ್ನೋ, ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಹೇನು. ಅಮೆರಿಕದಿಂದ ಬಂದ ಬಳ್ಳಿಗಳ ಜೊತೆ ಬಂದು ಬೇರಿನ ರಸ ಹೀರಿ ಹೀರಿ ಇಪ್ಪತ್ತು ಮೂವತ್ತು ವರ್ಷದಲ್ಲಿ ಯೂರೋಪಿನ ತೋಟಗಳನ್ನೆಲ್ಲ ಮಲಗಿಸಿಬಿಟ್ಟಿತು. ಕಡೆಗೆ ಸಿಕ್ಕ ಉಪಾಯ ಕಸಿ. ಹೇನಿಗೆ ಜಗ್ಗದ ಅಮೆರಿಕದ ಕಾಡುಬಳ್ಳಿಯ ಬೇರು, ಮೇಲೆ ಯೂರೋಪಿನ ರೆಂಬೆ. ಇವತ್ತು ಫ್ರಾನ್ಸಿನಲ್ಲಿ ನೀವು ನೋಡುವ ಹೆಚ್ಚುಕಮ್ಮಿ ಎಲ್ಲ ಬಳ್ಳಿಯೂ ಎರವಲು ಬೇರಿನ ಮೇಲೆ ನಿಂತಿರುವುದೇ. ಅಂದಹಾಗೆ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ ಇದೆಯಲ್ಲ, ಬೀಜ ಉಗುಳುತ್ತಾ ತಿನ್ನುವುದು, ಅದೂ ಆ ಅಮೆರಿಕದ ಜಾತಿಯ ನೆಂಟನೇ.

ಅಸೆನ್ಸಿಯೊನ್‌ಳ ಬಳ್ಳಿಗಳ ತಾಯಂದಿರು ಫ್ರಾನ್ಸಿನಲ್ಲಿ ಸತ್ತವು. ಮಕ್ಕಳು ಮಾತ್ರ ಆಂಡಿಸ್‌ನ ಮರಳುಮಣ್ಣಿನಲ್ಲಿ, ಸ್ವಂತ ಬೇರಿನ ಮೇಲೆ ಬದುಕಿದವು. ಆ ಹೇನಿಗೆ ಮರಳು ಆಗಿಬರುವುದಿಲ್ಲ. ಜೊತೆಗೆ ಆ ಘಾಟಿ, ಆ ದೂರ, ಆ ಮರುಭೂಮಿ. ಯಾವ ಕಣಿವೆ ಜಗತ್ತಿಗೆ ದೂರ ಅಂತ ಶಾಪ ಹಾಕಿಸಿಕೊಂಡಿತ್ತೋ ಅದೇ ದೂರ ಬಳ್ಳಿಯನ್ನ ಕಾಯಿತು. ಕಣಿವೆಯ ಜನರಿಗೆ ಮಾತ್ರ ಅಂಥ ರಕ್ಷಣೆ ಸಿಕ್ಕಿರಲಿಲ್ಲ.

ಇನ್ನು ಎತ್ತರದ ವಿಷಯ. ಅಷ್ಟು ಮೇಲೆ ದ್ರಾಕ್ಷಿ ಯಾಕೆ ಬೆಳೀಬೇಕು, ಬರೀ ಶೋಕಿನಾ ಅಂತ ನನಗೂ ಅನ್ನಿಸಿತ್ತು. ಅಲ್ಲ. ವೈನಿನ ದ್ರಾಕ್ಷಿ ಸಾಮಾನ್ಯವಾಗಿ ಚೆನ್ನಾಗಿ ಬರುವುದು 30ರಿಂದ 50 ಡಿಗ್ರಿ ಅಕ್ಷಾಂಶದ ನಡುವೆ. ಕೊಲೊಮೆ ಇರುವುದು ದಕ್ಷಿಣಕ್ಕೆ ಸುಮಾರು 25 ಡಿಗ್ರಿಯಲ್ಲಿ. ಉತ್ತರದಲ್ಲಿ ಅಷ್ಟೇ ಡಿಗ್ರಿಗೆ ನಮ್ಮ ಪಾಟ್ನಾ ಇದೆ! ಪಾಟ್ನಾದ ಬಿಸಿಲಿನಲ್ಲಿ ಮಾಲ್ಬೆಕ್ ಬೆಳೆಸಿದರೆ ಜಾಮ್ ಆಗುತ್ತೆ ಅಷ್ಟೇ. ಆದರೆ ಸಾವಿರ ಮೀಟರ್ ಮೇಲೆ ಹೋದ ಹಾಗೆ ಉಷ್ಣಾಂಶ ಆರು ಡಿಗ್ರಿಯಷ್ಟು ಇಳಿಯುತ್ತದೆ. ಎರಡು ಸಾವಿರದ ಮುನ್ನೂರು ಮೀಟರ್ ಹತ್ತಿದರೆ ಅಕ್ಷಾಂಶದ ಸೆಕೆಗೆ ಲೆಕ್ಕ ಚುಕ್ತಾ. ಹಗಲು ಬಿಸಿಲು ಸುಡುತ್ತೆ, ರಾತ್ರಿ ಮೈ ಕೊರೆಯುತ್ತೆ, ಎರಡಕ್ಕೂ ಇಪ್ಪತ್ತು ಡಿಗ್ರಿವರೆಗೆ ವ್ಯತ್ಯಾಸ. ಹಗಲು ಕೂಡಿಟ್ಟ ಸಕ್ಕರೆ, ರಾತ್ರಿಯ ಚಳಿಯಲ್ಲಿ ಉಳಿದ ಹುಳಿ, ಎರಡೂ ಹಣ್ಣಿನಲ್ಲಿ ನಿಲ್ಲುತ್ತವೆ.

ಬಣ್ಣದ ಕಥೆ ಇನ್ನೂ ಚೆನ್ನಾಗಿದೆ. ಮೇಲೆ ಹೋದಂತೆ ಗಾಳಿ ತೆಳು, ಹಾಗಾಗಿ ನೇರಳಾತೀತ ಕಿರಣಗಳ ಹೊಡೆತ ಜಾಸ್ತಿ. ಸಾವಿರ ಮೀಟರಿಗೆ ಶೇಕಡಾ ಹತ್ತರ ಸುಮಾರಿಗೆ ಏರುತ್ತದೆ. ಹಣ್ಣಿನ ಜೀವ ಇರುವುದು ಬೀಜದಲ್ಲಿ, ಅದನ್ನ ಕಾಯಲು ದ್ರಾಕ್ಷಿ ತನ್ನ ಸಿಪ್ಪೆಯನ್ನ ದಪ್ಪ ಮಾಡಿಕೊಂಡು ಅದರಲ್ಲಿ ಬಣ್ಣದ ವಸ್ತುಗಳನ್ನ ತುಂಬಿಕೊಳ್ಳುತ್ತದೆ. ಬಿಸಿಲಿಗೆ ನಾವು ಕಪ್ಪಾಗುವ ಹಾಗೇ. ಮೆಂಡೋಸಾದ ವಿಜ್ಞಾನಿಗಳು ಇದನ್ನ ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಸುಮಾರು 1500 ಮೀಟರ್ ಎತ್ತರದ ತೋಟದಲ್ಲಿ ಕೆಲವು ಮಾಲ್ಬೆಕ್ ಬಳ್ಳಿಗಳಿಗೆ ನೇರಳಾತೀತ ಕಿರಣ ತಡೆಯುವ ಹಾಳೆ ಹೊದಿಸಿದರು. ಹೊದಿಕೆ ಇಲ್ಲದ ಹಣ್ಣಿನ ಸಿಪ್ಪೆಯಲ್ಲೇ ಬಣ್ಣದ ವಸ್ತು ಹೆಚ್ಚಿತ್ತು. ಕೆಂಪು ವೈನಿನ ಬಣ್ಣ ಬರುವುದೇ ಸಿಪ್ಪೆಯಿಂದ, ತಿರುಳಿನಿಂದ ಅಲ್ಲ. ಇಷ್ಟು ವರ್ಷ ಅದೂ ಗೊತ್ತಿರಲಿಲ್ಲ ನನಗೆ. ಮಳೆ ವರ್ಷಕ್ಕೆ ಇನ್ನೂರು ಮಿಲಿಮೀಟರೂ ಇಲ್ಲ. ನಮ್ಮ ಚಳ್ಳಕೆರೆಯೇ ಮಲೆನಾಡು ಅನ್ನಿಸಬೇಕು. ಎಲ್ಲ ನೀರೂ ಬೆಟ್ಟದ ಮೇಲಿನ ಹಿಮ ಕರಗಿ ಬರುವುದು, ಕಾಲುವೆಯಲ್ಲಿ.

ಇಪ್ಪತ್ತನೇ ಶತಮಾನ ಬೇಗ ಮುಗಿಸ್ತೀನಿ. 1885ರಲ್ಲಿ ಮೆಂಡೋಸಾಕ್ಕೆ ರೈಲು ಬಂತು, ಇಟಲಿಯಿಂದ ಜನ ಬಂದರು, ಅಲ್ಲಿ ವೈನ್ ಕಡಲಾಗಿ ಹರಿಯಿತು. 1970ರ ಹೊತ್ತಿಗೆ ಅರ್ಜೆಂಟೀನಾದಲ್ಲಿ ತಲೆಗೆ ವರ್ಷಕ್ಕೆ ತೊಂಬತ್ತು ಲೀಟರ್ ಕುಡಿಯುತ್ತಿದ್ದರಂತೆ! ಕುಡಿತ ಇಳಿದಾಗ ಬೆಲೆ ಬಿತ್ತು, ಮಾಲ್ಬೆಕ್ ತೋಟಗಳನ್ನ ಕಿತ್ತು ಹಾಕಿದರು. 1960ರ ದಶಕದಲ್ಲಿ ಐವತ್ತು ಸಾವಿರ ಹೆಕ್ಟೇರಿಗೂ ಮೇಲಿದ್ದದ್ದು 1990ರ ದಶಕದಲ್ಲಿ ಹತ್ತು ಸಾವಿರದ ಆಸುಪಾಸಿಗೆ ಇಳಿಯಿತು. ಕೊಲೊಮೆ ಮಾತ್ರ ಡಾವಲೋಸ್ ಮನೆತನದವರ ಕೈಯಲ್ಲಿ, ಮೂಲೆಯಲ್ಲಿ, ತನ್ನಷ್ಟಕ್ಕೆ ಒಂದಿಷ್ಟು ವೈನ್ ಮಾಡಿಕೊಂಡು ಕೂತಿತ್ತು. ಕಿತ್ತು ಹಾಕುವಷ್ಟು ಲೆಕ್ಕಕ್ಕೂ ಅದು ಬರಲಿಲ್ಲ ಅನ್ನಿ.

ಇಲ್ಲಿ ನಮ್ಮ ಊರಿನ ಕಡೆಗೊಂದು ದಾರ ಇದೆ. 1988ರಲ್ಲಿ ಇದೇ ಕಣಿವೆಯ ಕೆಳತುದಿಯ ಕಾಫಾಜಾತೆ ಊರಿಗೆ ಮಿಶೆಲ್ ರೊಲಾಂ ಅನ್ನೋ ಬೋರ್ಡೊದ ವೈನ್ ಸಲಹೆಗಾರನನ್ನ ಎಚ್ಚಾರ್ತ್ ಮನೆತನದವರು ಕರೆಸಿದರು. ಮುಂದೆ ಅವರೂ ಇವನೂ ಸೇರಿ ಎರಡು ಸಾವಿರ ಮೀಟರ್ ಎತ್ತರದಲ್ಲಿ ಯಾಕೊಚೂಯಾ ಅನ್ನೋ ತೋಟದ ವೈನ್ ಮಾಡಿದರು. ಅದೇ 1988ರಲ್ಲಿ ಇತ್ತ ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಹತ್ತಿರ, ಕನ್ವಲ್ ಗ್ರೋವರ್ ಅವರ ವೈನ್ ಕಂಪನಿ ಶುರುವಾಯಿತು. 1990ರ ದಶಕದ ಮಧ್ಯದಲ್ಲಿ ಅವರಿಗೂ ಸಲಹೆಗಾರನಾಗಿ ಬಂದವನು ಇದೇ ರೊಲಾಂ. ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ನಂದಿಗೆ ಹೋಗಿ ಮಂಜು ನೋಡಿ, ವಾಪಸ್ ಬರುವಾಗ ಆ ತೋಟದ ಪಕ್ಕದಲ್ಲೇ ಎಷ್ಟು ಸಲ ಚಹಾ ಕುಡಿದಿಲ್ಲ ನಾವು! ಅಕ್ಷಾಂಶದ ಸೆಕೆಯನ್ನ ಎತ್ತರದಿಂದ ಸರಿದೂಗಿಸುವ ಅದೇ ಲೆಕ್ಕ ಅಲ್ಲೂ ಇದೆ, ಆದರೆ ನಮ್ಮದು ಸಾವಿರ ಮೀಟರಿಗೂ ಸ್ವಲ್ಪ ಕಮ್ಮಿ.

ಕೊಲೊಮೆಗೆ ಹೊಸ ಧಣಿ ಬಂದದ್ದು 2001ರಲ್ಲಿ. ಡೊನಾಲ್ಡ್ ಹೆಸ್, ಸ್ವಿಟ್ಜರ್ಲೆಂಡಿನವನು, ಮನೆತನದ ಬಿಯರ್ ವ್ಯಾಪಾರದಿಂದ ಶುರುಮಾಡಿ ಖನಿಜ ನೀರಿನ ವ್ಯಾಪಾರದಲ್ಲಿ ದುಡ್ಡು ಮಾಡಿ, ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಆಗಲೇ ವೈನರಿ ಇಟ್ಟುಕೊಂಡಿದ್ದವನು. 1990ರ ದಶಕದಲ್ಲಿ ಈ ಕಡೆ ಸುತ್ತುವಾಗ ಕೊಲೊಮೆ ವೈನ್ ಕುಡಿದು ಮರುಳಾದ. ಕೇಳಿದ ತಕ್ಷಣ ಮಾರಲಿಲ್ಲ, ಕಾದು ಕಾದು ಕೊಂಡ. ತೋಟ ಮಾತ್ರ ಅಲ್ಲ, ಬೆಟ್ಟ ಗುಡ್ಡ ಸೇರಿ 39,000 ಹೆಕ್ಟೇರ್. ಎಕರೆ ಲೆಕ್ಕದಲ್ಲಿ ತೊಂಬತ್ತಾರು ಸಾವಿರದ ಮೇಲೆ. ಅದರೊಳಗೊಂದು ಹಳ್ಳಿಯೂ ಇದೆ, ಕೆಲವು ನೂರು ಜನ. ಅವರಲ್ಲಿ ಬಹಳ ಮಂದಿಗೆ ಅದೇ ವೈನರಿಯಲ್ಲಿ ಕೆಲಸ. ಅವನು ಹಳ್ಳಿಗೆ ಚರ್ಚು, ಸಮುದಾಯ ಭವನ ಕಟ್ಟಿಸಿದ. ಹಳೇ ಬಳ್ಳಿಗಳನ್ನ ಉಳಿಸಿಕೊಂಡ. 2005ರಿಂದ ತಿಬೋ ದೆಲ್ಮೊತ್ ಅನ್ನೋ ಫ್ರೆಂಚ್ ಹುಡುಗ ವೈನ್ ಮಾಡುವ ಹೊಣೆ ಹೊತ್ತ. ಓಕ್ ಪೀಪಾಯಿ ಮುಟ್ಟಿಸದೆ ಹಳೇ ರೀತಿಯಲ್ಲಿ ಮಾಡುವ "ಔತೆಂತಿಕೊ" ಅನ್ನೋ ಮಾಲ್ಬೆಕ್ ಕೂಡ ಇದೆ. ನಾಲ್ಕು ಎತ್ತರದ ನಾಲ್ಕು ತೋಟಗಳ ಹಣ್ಣು ಬೆರೆಸಿದ್ದು ನನ್ನ ಕೈಗೆ ಬಂದ ಬಾಟಲಿ.

ಹೆಸ್‌ಗೆ ಎತ್ತರದ ಹುಚ್ಚು ಅಷ್ಟಕ್ಕೇ ಇಳಿಯಲಿಲ್ಲ. ಕಾಚಿಯ ಹತ್ತಿರ ಪಾಯೊಗಾಸ್ತಾದಲ್ಲಿ 3111 ಮೀಟರ್ ಎತ್ತರದಲ್ಲಿ ತೋಟ ಹಾಕಿಸಿ "ಆಲ್ತುರಾ ಮಾಕ್ಸಿಮಾ" ಅಂತ ಹೆಸರಿಟ್ಟ, ಅಂದರೆ ಪರಮೋಚ್ಚ ಎತ್ತರ. ಹಿಮ ಬಿದ್ದು ಚಿಗುರು ಸುಟ್ಟು ಹೋಗುವ ಜಾಗ. ಆ ಹೊತ್ತಿಗೆ ಅದು ಪ್ರಪಂಚದ ಅತಿ ಎತ್ತರದ ತೋಟ ಅಂತ ಖ್ಯಾತಿ. ಆದರೆ ಎತ್ತರದ ದಾಖಲೆ ಅನ್ನೋದು ಸೆನ್ಸೆಕ್ಸ್ ಇದ್ದ ಹಾಗೆ, ಯಾವತ್ತೂ ಮುರಿಯುವುದೇ. ಪಕ್ಕದ ಹುಹುಯ್ ಪ್ರಾಂತ್ಯದಲ್ಲಿ 3329 ಮೀಟರಿನಲ್ಲಿ ಒಬ್ಬರು ನೆಟ್ಟರು. ಆಮೇಲೆ ಟಿಬೆಟ್ಟಿನಲ್ಲಿ, ಲ್ಹಾಸಾದ ಹತ್ತಿರ, 3563 ಮೀಟರಿನ ತೋಟಕ್ಕೆ ಗಿನ್ನೆಸ್ ದಾಖಲೆ ಹೋಯಿತು. ಮರುಭೂಮಿಯ ನಡುವೆ ಹೆಸ್ ಒಂದು ವಸ್ತುಸಂಗ್ರಹಾಲಯವನ್ನೂ ಕಟ್ಟಿಸಿದ. 2009ರಲ್ಲಿ ಶುರುವಾದ ಅದರಲ್ಲಿ ಇರುವುದು ಜೇಮ್ಸ್ ಟರೆಲ್ ಅನ್ನೋ ಕಲಾವಿದನ ಕೃತಿಗಳು ಮಾತ್ರ, ಅವನ ಕಲೆಯ ಸಾಮಗ್ರಿ ಬರೀ ಬೆಳಕು. ಮಾಡಿನಲ್ಲಿ ಚೌಕ ಕೊರೆದು, ಕೆಳಗೆ ಮಲಗಿ ಆಕಾಶ ನೋಡುವಂಥದ್ದು. ಹೆಸ್ 2023ರಲ್ಲಿ ತೀರಿಕೊಂಡ.

ಇವನನ್ನ ಕಂಡರೆ ನನಗೆ ಸಿಟ್ಟೇನಿಲ್ಲ. ಮುರಿದುಬೀಳುತ್ತಿದ್ದ ಜಾಗಕ್ಕೆ ಜೀವ ತಂದ, ಕೆಲಸ ಕೊಟ್ಟ. ನನಗೆ ತೊಡಕಾಗಿರುವುದು ಆ 1831ರ ಜೊತೆ. "ಹಳೆಯದು" ಅಂತ ನಾವು ಎಲ್ಲಿಂದ ಎಣಿಸುತ್ತೇವೆ? ಗವರ್ನರ್ ಮೊದಲ ಪೀಪಾಯಿ ತುಂಬಿಸಿದಲ್ಲಿಂದ ಎಣಿಸಿದರೆ ಇನ್ನೂರು ವರ್ಷವೂ ಆಗಿಲ್ಲ. ಆ ನೀರಿನ ಕಾಲುವೆಯನ್ನ ಬೆಟ್ಟದ ಮೈಗೆ ತೋಡುವುದು ಹೇಗೆ ಅಂತ ಕಂಡುಕೊಂಡವರಿಂದ ಎಣಿಸಿದರೆ ಲೆಕ್ಕವೇ ಬೇರೆ. ಇಸಸ್ಮೆಂಡಿ ಹೆಸರು ಗೊತ್ತು, ಅಸೆನ್ಸಿಯೊನ್ ಹೆಸರು ಗೊತ್ತು. 1854ರಲ್ಲಿ ಆ ಕಡ್ಡಿಗಳಿಗೆ ಗುಂಡಿ ತೋಡಿದವರ, ಮೊದಲ ವರ್ಷದ ಹಿಮದ ರಾತ್ರಿ ಕಾವಲು ಕೂತವರ ಹೆಸರು ಯಾವ ಲೇಬಲ್ಲಿನಲ್ಲೂ ಇಲ್ಲ. ಬಳ್ಳಿಗೆ ಇರುವ ವಂಶಾವಳಿ ನೆಟ್ಟವರಿಗಿಲ್ಲ.

ಇದೇನು ಮುಗಿದ ಮಾತೂ ಅಲ್ಲ. 1994ರಲ್ಲಿ ಅರ್ಜೆಂಟೀನಾ ತನ್ನ ಸಂವಿಧಾನ ತಿದ್ದಿ, ದೇಶ ಹುಟ್ಟುವ ಮೊದಲೇ ಮೂಲನಿವಾಸಿಗಳು ಇಲ್ಲಿದ್ದರು, ತಮ್ಮ ನೆಲದ ಮೇಲೆ ಅವರಿಗೆ ಹಕ್ಕಿದೆ ಅಂತ ಒಪ್ಪಿಕೊಂಡಿತು. 2006ರಲ್ಲಿ ಅವರನ್ನ ಒಕ್ಕಲೆಬ್ಬಿಸುವುದನ್ನ ತಡೆಹಿಡಿಯುವ ಕಾನೂನು ಬಂತು, ಸರ್ವೆ ಮುಗಿಯುವವರೆಗೆ ಅಂತ. ಸರ್ವೆ ಎಳೆಯುತ್ತಲೇ ಹೋಯಿತು, ಕಾನೂನನ್ನೂ ಮುಂದಕ್ಕೆ ಹಾಕುತ್ತಾ ಬಂದರು. 2024ರ ಡಿಸೆಂಬರ್‌ನಲ್ಲಿ ಸರ್ಕಾರ ಆ ತಡೆಯನ್ನ ತೆಗೆದುಹಾಕಿತು. ಕಿಲ್ಮೆಸ್ ಅನ್ನೋದು ಬಿಯರ್ ಮಾತ್ರ ಅಂತ ನನ್ನ ಗೆಳೆಯ ಅಂದುಕೊಂಡಿದ್ದನಲ್ಲ, ಆ ಹೆಸರಿನ ಜನ ಇವತ್ತಿಗೂ ಅದೇ ಕಣಿವೆಗಳಲ್ಲಿದ್ದಾರೆ, ನೆಲದ ಪತ್ರ ಕೇಳುತ್ತಿದ್ದಾರೆ.

ಅಮ್ಮ ಊರಿಗೆ ಹೊರಡುವ ಹಿಂದಿನ ದಿನ ಶನಿವಾರ ಬಾಟಲಿ ಬಿಚ್ಚಿದೆವು, ನಾನು, ಗೆಳೆಯ, ರೂಮ್‌ಮೇಟ್. ಬಣ್ಣ ನೇರಳೆಗೂ ಕಪ್ಪಿಗೂ ನಡುವೆ, ಲೋಟದ ಆಚೆ ಬದಿಯ ಬೆರಳು ಕಾಣುತ್ತಿರಲಿಲ್ಲ. ವೈನ್ ಪಂಡಿತರು ಚೆರ್ರಿ, ಮೆಣಸು, ತೊಗಲು ಅಂತ ಏನೇನೋ ಹೇಳುತ್ತಾರೆ. ನನಗೆ ಗೊತ್ತಾದದ್ದು ಪೂರ್ತಿ ಮಾಗಿದ ನೇರಳೆ ಹಣ್ಣು ತಿಂದಾಗ ನಾಲಿಗೆ ಬಿಗಿಯುತ್ತಲ್ಲ, ಅದು. ಆಮೇಲೆ ಸ್ವಲ್ಪ ಹುಳಿ, ತುಂಬಾ ಹೊತ್ತು ನಿಂತಿತ್ತು. ಅಡುಗೆಮನೆಯಿಂದಲೇ ಅಮ್ಮ ಕಥೆ ಕೇಳುತ್ತಿದ್ದರು ಅಂತ ಕಾಣುತ್ತೆ. ಕೈ ಒರೆಸಿಕೊಳ್ಳುತ್ತಾ ಬಂದು, "ಮಳೆ ಇಲ್ಲ ಅಂತೀಯ, ಬರೀ ಕಾಲುವೆ ನೀರು ಅಂತೀಯ. ಯಾರಿಗೆ ಎಷ್ಟು ಹೊತ್ತು ನೀರು ಅಂತ ನೋಡೋರು ಯಾರೋ?" ಅಂದರು. ಸರದಿ ಪ್ರಕಾರ ಬಿಡುತ್ತಾರೆ, ಅದನ್ನ ನೋಡಿಕೊಳ್ಳೋಕೆ ಅಂತಲೇ ಒಬ್ಬ ಇರ್ತಾನೆ ಅಂದೆ. "ಹಾಗಾದ್ರೆ ನಮ್ಮ ಕೆರೆ ನೀರುಗಂಟಿ ಥರಾ ಅನ್ನು" ಅಂದರು. ಅವರ ತವರಿನಲ್ಲಿ ಅಜ್ಜನ ಕಾಲದವರೆಗೂ ನೀರುಗಂಟಿ ಇದ್ದನಂತೆ. ಅವನ ಹೆಸರು, ಅವನ ಹೆಂಡತಿ ಹೆಸರು, ಒಂದು ಬೇಸಿಗೆಯಲ್ಲಿ ತೂಬಿನ ಹತ್ತಿರ ಆದ ಜಗಳ, ಎಲ್ಲ ಹೇಳಿದರು. ರಾತ್ರಿ ಹನ್ನೊಂದಾದರೂ ಮುಗಿಯಲಿಲ್ಲ.

ಖಾಲಿ ಬಾಟಲಿ ಊರಿಗೆ ಹೋಗಿದೆ. ದಪ್ಪ ಗಾಜು, ಹರಳೆಣ್ಣೆ ಹಾಕಿಡೋಕೆ ಚೆನ್ನಾಗಿರುತ್ತಂತೆ :)